ಒಳಗಿನ ಮರ

ನಮ್ಮ ಮನೆಯಲ್ಲಿ ಯಾವ ಮಾತನ್ನೂ ಒಂದೇ ಸಲ ಹೇಳಿ ಅಭ್ಯಾಸವಿಲ್ಲ. ಮೊದಲನೆಯ ಸಲ ನಮ್ಮ ಸಮಾಧಾನಕ್ಕೆ, ಎರಡನೆಯ ಸಲ ಅಪ್ಪನಿಗೆ. ಅಪ್ಪ, ಅಂದರೆ ಧರ್ಮಪಾಲ, ಮಲ್ಪೆಯ ಟ್ರಾಲ್ ಬೋಟುಗಳಲ್ಲಿ ಮೂವತ್ತೊಂದು ವರ್ಷ ತಂಡೇಲರಾಗಿದ್ದವರು. ತಂಡೇಲ ಎಂದರೆ ಬೋಟು ನಡೆಸುವವನು; ಅವನ ಕಾಲಿನ ಕೆಳಗೇ ಡೀಸೆಲ್ ಎಂಜಿನು. ಒಮ್ಮೆ ಹೊರಟರೆ ಎಂಟು ಹತ್ತು ದಿನ ಆ ಶಬ್ದದ ಮೇಲೆಯೇ ಊಟ, ಅದರ ಮೇಲೆಯೇ ನಿದ್ದೆ. ಅರುವತ್ತು ತುಂಬುವಷ್ಟರಲ್ಲಿ ಅವರ ಎರಡೂ ಕಿವಿಗಳನ್ನು ಎಂಜಿನು ತಿಂದು ಮುಗಿಸಿತ್ತು. ಮಣಿಪಾಲದಲ್ಲಿ ತೋರಿಸಿ ಕಿವಿಗೆ ಮಿಶಿನು ಹಾಕಿಸಿದೆವು. ಅದನ್ನು ಹಾಕಿಕೊಂಡರೆ ಫ್ಯಾನು, ಕಾಗೆ, ಪಾತ್ರೆ, ಹೆಂಡತಿ ಎಲ್ಲರೂ ಒಟ್ಟಿಗೆ ತಲೆಯೊಳಗೆ ನುಗ್ಗುತ್ತಾರೆ ಎಂದು ಅಪ್ಪ ಅದನ್ನು ಶೇವಿಂಗ್ ಪೆಟ್ಟಿಗೆಯಲ್ಲಿ ಇಟ್ಟುಬಿಟ್ಟರು. ಮದುವೆಗೆ ಹೋಗುವಾಗ ಮಾತ್ರ ವಾಚಿನ ಜೊತೆಗೆ ಅದನ್ನೂ ಹಾಕಿಕೊಳ್ಳುತ್ತಾರೆ.

ನಾನು ಹರ್ಷಿಣಿ, ಅವರ ಒಬ್ಬಳೇ ಮಗಳು. ಮಣಿಪಾಲದ ಒಂದು ಲ್ಯಾಬಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಜನರ ರಕ್ತ ತೆಗೆಯುವುದು ನನ್ನ ಕೆಲಸ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ರಕ್ತ ತೆಗೆಯುವುದಕ್ಕೆ ನಿನಗೆ ಸೂಜಿ ಯಾಕೆ, ನಾಲಗೆಯೇ ಸಾಕಲ್ಲ ಎಂದು ಅಮ್ಮ ಹೇಳುತ್ತಾಳೆ. ಅಮ್ಮ ಸುಂದರಿ ಇಪ್ಪತ್ತು ವರ್ಷ ಕಾಪುವಿನ ಮಾರ್ಕೆಟಿನಲ್ಲಿ ಮೀನು ಮಾರಿದವಳು, ಅವಳ ನಾಲಗೆಯೂ ಕಡಿಮೆಯದ್ದೇನಲ್ಲ.

ಗಿಟಾರು ಕಲಿತದ್ದು ಕಾಲೇಜಿನಲ್ಲಿ ಜೊತೆಗಿದ್ದ ಕಾರ್ಕಳದ ಕ್ಯಾರೆನ್‌ಳಿಂದ. ಅವಳು ಇಗರ್ಜಿಯಲ್ಲಿ ನುಡಿಸುವವಳು. ಅವಳ ಹಳೆಯ ಆರು ತಂತಿಯ ಗಿಟಾರನ್ನೇ ತೆಗೆದುಕೊಂಡು ಹತ್ತು ವರ್ಷ ನಮ್ಮ ಮನೆಯ ಜಗಲಿಯಲ್ಲಿ ಸಂಜೆಯ ಹೊತ್ತು ನುಡಿಸಿದ್ದೇನೆ. ಅಪ್ಪ ಎದುರಿನ ಕುರ್ಚಿಯಲ್ಲಿ ಕೂತು ನನ್ನ ಕೈಯನ್ನೇ ನೋಡುತ್ತಿದ್ದರು.

"ಕೈ ಆಡಿಸುವುದು ಚೆಂದ ಕಾಣುತ್ತದೆ ಮಗಾ. ಶಬ್ದ ಎಂತ ಬರುತ್ತದೆ?" ಎಂದು ಒಮ್ಮೆ ಕೇಳಿದರು.

"ಕೋಣನ ಮುಂದೆ ಕಿನ್ನರಿ ಬಾರಿಸುವುದು ಅಂದರೆ ಇದೇ" ಎಂದು ಒಳಗಿನಿಂದ ಅಮ್ಮ ನಕ್ಕಳು. ಅದೂ ಅಪ್ಪನಿಗೆ ಕೇಳಿಸಲಿಲ್ಲ. ನನಗೆ ಕೇಳಿಸಿತು, ನೋವೂ ಆಯಿತು. ಕ್ಯಾರೆನ್ ಕೇಳಿದ್ದಾಳೆ, ಆಚೆ ಮನೆಯವರು ಕೇಳಿದ್ದಾರೆ, ದಾರಿಯಲ್ಲಿ ಹೋಗುವವರು ನಿಂತು ಕೇಳಿದ್ದಾರೆ. ನನ್ನ ಎದುರು ಕೂತವರಿಗೆ ಹತ್ತು ವರ್ಷದಲ್ಲಿ ಒಂದು ಸ್ವರವೂ ಮುಟ್ಟಿಲ್ಲ. ಒಂದು ದಿನವಾದರೂ ಅಪ್ಪನಿಗೆ ಕೇಳಿಸಬೇಕು ಎಂಬುದು ನನ್ನ ತಲೆಗೆ ಹಿಡಿದದ್ದು ಆವತ್ತಿನಿಂದ.

ಕಳೆದ ಫೆಬ್ರವರಿಯಲ್ಲಿ ಕ್ಯಾರೆನ್ ಫೋನು ಮಾಡಿದಳು. ಅವಳ ಚಿಕ್ಕಪ್ಪ ರೇಮಂಡ್ ಹಡಗಿನಲ್ಲಿ ಬಡಗಿಯಾಗಿದ್ದವರು, ಈಗ ಕುಕ್ಕುಂದೂರಿನ ಮನೆಯ ಹಿಂದೆ ಒಂದು ಕೋಣೆ ಕಟ್ಟಿಸಿ ಗಿಟಾರು, ಪಿಟೀಲು ರಿಪೇರಿ ಮಾಡುತ್ತಾರೆ, ಮಾರುತ್ತಾರೆ.

"ರೇಮಂಡ್ ಅಂಕಲ್ ಹತ್ತಿರ ಎರಡು ಹನ್ನೆರಡು ತಂತಿಯ ಗಿಟಾರು ಬಂದಿದೆ ಮಾರಾಯ್ತಿ. ಒಬ್ಬರು ಬಾರಿಸಿದರೆ ಇಬ್ಬರು ಬಾರಿಸಿದ ಹಾಗೆ ಉಂಟು" ಎಂದಳು.

ಇಬ್ಬರು ಬಾರಿಸಿದ ಹಾಗೆ ಎಂದದ್ದೇ ನನ್ನ ಕಿವಿ ನಿಮಿರಿತು. ಒಬ್ಬಳ ಶಬ್ದ ಸಾಲದಿದ್ದರೆ ಇಬ್ಬರದ್ದು ಸಾಕಾದೀತು ಎಂಬ ಸರಳ ಲೆಕ್ಕಾಚಾರ ನನ್ನದು. ಭಾನುವಾರ ಹೊರಟು ನಿಂತಾಗ ಅಪ್ಪನೂ ಅಂಗಿ ಹಾಕಿಕೊಂಡು ಬಂದರು. ಮರದ ಸಾಮಾನು ತೆಗೆದುಕೊಳ್ಳುವಾಗ ಮರ ಗೊತ್ತಿದ್ದವನು ಒಬ್ಬ ಜೊತೆಯಲ್ಲಿ ಬೇಕಂತೆ. ಅಪ್ಪ ತಂಡೇಲರಾಗುವ ಮೊದಲು, ಹುಡುಗನಾಗಿದ್ದಾಗ, ಅಜ್ಜನ ಜೊತೆ ಕಾಪುವಿನ ದಡದಲ್ಲಿ ಮರದ ದೋಣಿಗಳ ಕೆಲಸ ಮಾಡಿದವರು. ಈಗ ಎಲ್ಲ ಫೈಬರ್. ಆದರೂ ಯಾರ ಮನೆಗೆ ಹೋದರೂ ಬಾಗಿಲಿನ ದಾರಂದವನ್ನು ಒಮ್ಮೆ ಬೆರಳಿನ ಗೆಣ್ಣಿನಿಂದ ಕುಟ್ಟಿ ನೋಡದೆ ಒಳಗೆ ಕಾಲಿಡುವುದಿಲ್ಲ. ಪಡುಬಿದ್ರಿಯಲ್ಲಿ ಬಸ್ಸು ಬದಲಾಯಿಸಿ ಇಬ್ಬರೂ ಕಾರ್ಕಳಕ್ಕೆ ಹೋದೆವು.

ರೇಮಂಡ್ ಅಂಕಲ್ ಎರಡನ್ನೂ ಮೇಜಿನ ಮೇಲೆ ಮಲಗಿಸಿ ಇಟ್ಟಿದ್ದರು. ಒಂದು ಕಪ್ಪು, ಮುಖ ನೋಡಿಕೊಳ್ಳುವಷ್ಟು ಹೊಳಪು, ಅಂಚಿಗೆ ಬಿಳಿಯ ಪಟ್ಟಿ. ಇನ್ನೊಂದು ಸಾದಾ ಮರದ ಬಣ್ಣದ್ದು. ಯಾರೋ ಇಟ್ಟುಕೊಂಡು ಬಿಟ್ಟದ್ದು, ಕೈ ಊರುವ ಜಾಗದಲ್ಲಿ ಸ್ವಲ್ಪ ಸವೆದಿತ್ತು. ಹನ್ನೆರಡು ತಂತಿ ಎಂದರೆ ಹನ್ನೆರಡು ಬೇರೆ ಬೇರೆ ಸ್ವರ ಎಂದುಕೊಂಡಿದ್ದ ಅಪ್ಪನಿಗೆ ಅವರು ತೋರಿಸಿಕೊಟ್ಟರು. ತಂತಿಗಳೆಲ್ಲ ಜೋಡಿ ಜೋಡಿ. ದಪ್ಪದ್ದರ ಪಕ್ಕದಲ್ಲಿ ಒಂದು ಸಪೂರದ್ದು, ಅದೇ ಸ್ವರ, ಒಂದು ಸ್ಥಾಯಿ ಮೇಲೆ. ಕೊನೆಯ ಎರಡು ಜೋಡಿಯಲ್ಲಿ ಮಾತ್ರ ಎರಡೂ ಒಂದೇ ಸಮ. ಒಂದು ಬೆರಳು ಒತ್ತಿದರೆ ಎರಡು ತಂತಿ ಒಟ್ಟಿಗೆ ಹೋಗಬೇಕು.

"ಎರಡು ಬೋಟು ಸೇರಿ ಒಂದೇ ಬಲೆ ಎಳೆದ ಹಾಗೆ" ಎಂದರು ಅಪ್ಪ. "ಒಂದು ಮುಂದೆ ಹೋದರೆ ಬಲೆ ಹರಿಯುತ್ತದೆ."

"ಅದೇ ಧರ್ಮಪಾಲಣ್ಣ, ಅದೇ. ನಿಮಗೆ ಬೇಗ ಅರ್ಥ ಆಯಿತು" ಎಂದು ರೇಮಂಡ್ ಅಂಕಲ್ ನಕ್ಕರು.

ನನ್ನ ಮನಸ್ಸು ಕಪ್ಪಿನ ಮೇಲೆ ಕೂತಾಗಿತ್ತು. ಅದನ್ನು ಎತ್ತಿಕೊಂಡು ನುಡಿಸಿದೆ. ಕೋಣೆ ತುಂಬ ಬೆಳ್ಳಿಯ ಸಾಮಾನು ಚೆಲ್ಲಿದಂಥ ಶಬ್ದ. ಅಪ್ಪ ಸುಮ್ಮನೆ ನೋಡಿದರು. ಆಮೇಲೆ ಎರಡರ ಬೆನ್ನನ್ನೂ ಗೆಣ್ಣಿನಿಂದ ಕುಟ್ಟಿದರು, ಕುಟ್ಟಿದ ಜಾಗದ ಮೇಲೆ ಅಂಗೈ ಇಟ್ಟರು. ಕಪ್ಪಿನದಕ್ಕೆ ಬೇಡವೆಂದು ತಲೆಯಾಡಿಸಿದರು. ಸಾದಾ ಗಿಟಾರಿನ ಹತ್ತಿರ ಬಂದಾಗ ಬಗ್ಗಿ, ಅಂಗೈ ಸಾಲದೆಂದೋ ಏನೋ, ಅದರ ಭುಜದ ಮೇಲೆ ಗಲ್ಲವನ್ನೇ ಊರಿ, "ಈಗ ಹೊಡಿ" ಎಂದರು.

ರೇಮಂಡ್ ಅಂಕಲ್ ತಮಾಷೆ ಎಂದುಕೊಂಡೇ ಹನ್ನೆರಡೂ ತಂತಿಗಳ ಮೇಲೆ ಒಮ್ಮೆ ಕೈ ಎಳೆದರು.

ಅಪ್ಪನ ಮುಖ ಬದಲಾದದ್ದನ್ನು ನಾನು ಹೇಗೆ ಹೇಳಲಿ? ಹುಬ್ಬು ಮೇಲೆ ಹೋಯಿತು, ಬಾಯಿ ಸ್ವಲ್ಪ ತೆರೆಯಿತು, ಗಲ್ಲ ಮಾತ್ರ ಅಲ್ಲಿಂದ ಏಳಲಿಲ್ಲ. "ಇನ್ನೊಮ್ಮೆ" ಎಂದರು. ಇನ್ನೊಮ್ಮೆ ಆಯಿತು. "ಇದು ಕೇಳುತ್ತದೆ ಮಗಾ" ಎಂದರು. "ಹಲ್ಲಿನ ಹತ್ತಿರದಿಂದ ಒಳಗೆ ಹೋಗುತ್ತದೆ."

ಆಮೇಲೆ ಕಪ್ಪನ್ನು ನಾನು ಕಣ್ಣೆತ್ತಿಯೂ ನೋಡಲಿಲ್ಲ.

ಆ ಕೋಣೆಯಲ್ಲಿಯೇ ನಾನೊಂದು ತಪ್ಪು ಮಾಡಿದೆ, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹೊರಡುವ ಮುಂಚೆ ಅಪ್ಪ ಮೊಬೈಲಿನ ಟಾರ್ಚು ಹಾಕಿ ಗಿಟಾರಿನ ನಡುವಿನ ದುಂಡು ತೂತಿನೊಳಗೆ ಇಣುಕಿದರು. ಹೊರಗೆ ಪಾಲಿಶ್ ಇದ್ದ ಮರ ಒಳಗೆ ಬರಿಯ ಮರವಾಗಿತ್ತು. "ಒಳಗೆ ಯಾಕೆ ಎಂತದ್ದೂ ಹಾಕಿಲ್ಲ?" ಎಂದು ಕೇಳಿದರು. ರೇಮಂಡ್ ಅಂಕಲ್ ತಂತಿ ಸುತ್ತುತ್ತಾ, ತಲೆ ಬಗ್ಗಿಸಿಯೇ, "ಒಳಗಿನ ಮರವನ್ನು ಹಾಗೇ ಬಿಡಬೇಕು, ಏನು ಹಾಕಿದರೂ ಶಬ್ದ ಸಾಯುತ್ತದೆ" ಎಂದರು. ಅಪ್ಪನಿಗೆ ಕೇಳಿಸಲಿಲ್ಲ. ಅಭ್ಯಾಸದಂತೆ ನನ್ನ ಕಡೆ ತಿರುಗಿದರು. ನಾನು ಹೊಸ ಗಿಟಾರನ್ನು ಚೀಲಕ್ಕೆ ಹಾಕುವ ಸಂಭ್ರಮದಲ್ಲಿದ್ದೆ. ಮತ್ತೆ ಹೇಳುತ್ತೇನೆ ಎಂದು ಕೈಸನ್ನೆ ಮಾಡಿದೆ. ಮತ್ತೆ ಹೇಳಲಿಲ್ಲ.

ಹನ್ನೆರಡು ತಂತಿಯ ಗಿಟಾರು ಇಟ್ಟುಕೊಳ್ಳುವುದು ಕೂಡುಕುಟುಂಬ ಇಟ್ಟುಕೊಂಡ ಹಾಗೆ. ಒಬ್ಬನನ್ನು ಸಮಾಧಾನ ಮಾಡುವಷ್ಟರಲ್ಲಿ ಇನ್ನೊಬ್ಬ ಮುನಿಸಿಕೊಳ್ಳುತ್ತಾನೆ. ಅರ್ಧ ಗಂಟೆ ನುಡಿಸಬೇಕಾದರೆ ಕಾಲು ಗಂಟೆ ಶ್ರುತಿ ಮಾಡಬೇಕು. ತಂತಿಗಳ ಎಳೆತಕ್ಕೆ ಮರ ಬಾಗದಿರಲಿ ಎಂದು ರೇಮಂಡ್ ಅಂಕಲ್ ಹೇಳಿಕೊಟ್ಟಂತೆ ಎಲ್ಲ ತಂತಿಗಳ ಶ್ರುತಿಯನ್ನೂ ಎರಡು ಮನೆಯಷ್ಟು ಕೆಳಗಿಳಿಸಿ ಇಡುತ್ತಿದ್ದೆ. ಎಡಗೈಯ ಬೆರಳ ತುದಿಗಳು ಮೊದಲ ತಿಂಗಳು ಸುಲಿದುಹೋದವು. ಲ್ಯಾಬಿನಲ್ಲಿ ಗ್ಲೌಸು ಹಾಕುವಾಗ ಉರಿಯುತ್ತಿತ್ತು. ಅದೆಲ್ಲ ನನಗೆ ಲೆಕ್ಕವೇ ಇರಲಿಲ್ಲ, ಏಕೆಂದರೆ ಸಂಜೆ ಆರೂವರೆಗೆ ಸರಿಯಾಗಿ ಅಪ್ಪ ಕುರ್ಚಿ ಎಳೆದುಕೊಂಡು ಬಂದು ಗಿಟಾರಿನ ಭುಜಕ್ಕೆ ಗಲ್ಲ ಕೊಟ್ಟು ಕೂರುತ್ತಿದ್ದರು.

"ಮಗಳು ಬಾರಿಸುವುದಾ, ಅಪ್ಪ ನಿದ್ದೆ ಮಾಡುವುದಾ, ಒಂದೂ ಗೊತ್ತಾಗುವುದಿಲ್ಲ" ಎಂದು ಅಮ್ಮ ಬಾಗಿಲಲ್ಲಿ ನಿಂತು ಚೇಷ್ಟೆ ಮಾಡುತ್ತಿದ್ದಳು. ಆದರೆ ಅವಳು ಆ ಹೊತ್ತಿಗೆ ಟೀವಿ ಹಾಕುವುದನ್ನು ಬಿಟ್ಟಿದ್ದಳು.

ಒಂದು ದಿನ ಅಪ್ಪ ಒಂದು ಭಜನೆಯ ಹಾಡನ್ನು ಬಾರಿಸು ಎಂದರು. ನಮ್ಮ ದಡದ ಪ್ರತಿಯೊಂದು ಊರಿನಲ್ಲೂ ಇರುವಂತೆ ನಮ್ಮಲ್ಲೂ ಭಜನಾ ಮಂದಿರ ಉಂಟು, ಶನಿವಾರ ಸಂಜೆ ಎಲ್ಲರೂ ಸೇರುತ್ತಾರೆ. ಅಪ್ಪ ಅಲ್ಲಿ ತಾಳ ಹಿಡಿದು ಮುಂದೆ ಕೂರುತ್ತಿದ್ದವರು. ಕಿವಿ ಹೋದ ಮೇಲೆ ಒಂದು ಶನಿವಾರ ಎಲ್ಲರೂ ಹಾಡು ನಿಲ್ಲಿಸಿದರೂ ಅಪ್ಪ ಒಬ್ಬರೇ ಕಣ್ಣು ಮುಚ್ಚಿ ಒಂದು ಸಾಲು ಪೂರ್ತಿ ಹಾಡಿದರಂತೆ. ಹಿಂದೆ ಕೂತ ಹುಡುಗರು ನಕ್ಕರು. ಆಮೇಲೆ ಅವರು ಮಂದಿರದ ಮೆಟ್ಟಿಲು ಹತ್ತಲಿಲ್ಲ. ಈಗ ನನ್ನ ಗಿಟಾರಿಗೆ ಗಲ್ಲ ಕೊಟ್ಟು ಅದೇ ಹಾಡನ್ನು ಗುನುಗಿದರು. ನಾನು ನಿಲ್ಲಿಸಿದಾಗ ಅವರೂ ನಿಲ್ಲಿಸಿದರು, ಒಂದು ಅಕ್ಷರ ಹೆಚ್ಚಿಲ್ಲ. ನನಗೆ ಅದಕ್ಕಿಂತ ದೊಡ್ಡ ಸಂತೋಷ ಬೇರೆ ಬೇಕಾಗಿರಲಿಲ್ಲ. ಮಾರ್ಚ್, ಏಪ್ರಿಲ್, ಮೇ, ಮೂರು ತಿಂಗಳು ಹಾಗೆ ನಡೆಯಿತು.

ಜೂನ್ ಬಂದರೆ ಕಡಲಿಗೆ ಇಳಿಯುವುದು ಬಂದ್. ಹಿಂದೆ ಈ ಹೊತ್ತಿಗೆ ದೋಣಿಗಳನ್ನು ದಡಕ್ಕೆ ಎಳೆದು, ಒಣಗಿಸಿ, ಒಳಗೂ ಹೊರಗೂ ಬೂತಾಯಿ ಎಣ್ಣೆ ಹಚ್ಚಿ, ತೆಂಗಿನ ಮಡಲಿನ ಚಪ್ಪರದಡಿ ಮಲಗಿಸುತ್ತಿದ್ದರು. ಬೂತಾಯಿ ಮೀನನ್ನು ಬೇಯಿಸಿ ತೆಗೆದ ಆ ಎಣ್ಣೆ ಕುಡಿದ ಮರಕ್ಕೆ ಉಪ್ಪು ಹಿಡಿಯುವುದಿಲ್ಲ, ಹುಳ ಮುಟ್ಟುವುದಿಲ್ಲ. ಹೊರಗೆ ಎಷ್ಟೇ ಬಣ್ಣ ಇದ್ದರೂ ಒಳಗೆ ಎಣ್ಣೆ ಇಲ್ಲದ ದೋಣಿ ಮೂರು ಮಳೆಗಾಲ ಬಾಳುವುದಿಲ್ಲ ಎಂದು ಅಪ್ಪ ನನಗೆ ಚಿಕ್ಕಂದಿನಿಂದ ಹೇಳಿದ್ದಾರೆ.

ಜೂನ್ ಮೊದಲ ವಾರ ನನಗೆ ಲ್ಯಾಬಿನಲ್ಲಿ ಎರಡು ದಿನ ಒಂದರ ಮೇಲೊಂದು ಪಾಳಿ ಬಂತು. ಮಣಿಪಾಲದಲ್ಲಿಯೇ ಉಳಿದೆ. ಮೂರನೆಯ ದಿನ ಮಧ್ಯಾಹ್ನ ಮನೆಗೆ ಬಂದರೆ ಗೇಟಿನಲ್ಲಿಯೇ ವಾಸನೆ. ಜಗಲಿಯಲ್ಲಿ ಪೇಪರು ಹಾಸಿ, ಹನ್ನೆರಡು ತಂತಿಗಳನ್ನು ಬಿಚ್ಚಿ ಜೋಡಿ ಜೋಡಿಯಾಗಿ, ಒಂದಕ್ಕೊಂದು ತಾಗದಂತೆ ಸಾಲಾಗಿ ಮಲಗಿಸಿತ್ತು. ಗಿಟಾರು ಅಪ್ಪನ ತೊಡೆಯ ಮೇಲಿತ್ತು. ಒಂದು ಬಿದಿರಿನ ಕಡ್ಡಿಗೆ ಬಟ್ಟೆ ಸುತ್ತಿ, ದುಂಡು ತೂತಿನೊಳಗೆ ಹಾಕಿ, ಮೂಲೆ ಮೂಲೆಗೂ ಉಜ್ಜುತ್ತಿದ್ದರು. ಪಕ್ಕದಲ್ಲಿ ಒಂದು ಬಾಟಲಿ.

ನನ್ನನ್ನು ಕಂಡದ್ದೇ ಅವರ ಮುಖ ಅರಳಿತು. "ಹೆಜಮಾಡಿಯ ಧನರಾಜ್‌ನ ಹತ್ತಿರ ಮಾತ್ರ ಉಂಟು ಈಗ ಈ ಎಣ್ಣೆ. ಅವನ ಅಪ್ಪನ ಕಾಲದ ಒಂದು ದೋಣಿ ಇಟ್ಟುಕೊಂಡಿದ್ದಾನೆ. ನಿನ್ನೆ ಹೋಗಿ ತಂದೆ. ಒಳಗೆ ಬರಿಯ ಮರ ಮಗಾ, ಒಂದು ಹನಿ ಎಣ್ಣೆ ಕಂಡಿಲ್ಲ ಪಾಪ. ಮೂರು ಕೈ ಕೊಟ್ಟಿದ್ದೇನೆ. ಇನ್ನು ಮೂವತ್ತು ವರ್ಷ ಇದಕ್ಕೆ ಏನೂ ಆಗುವುದಿಲ್ಲ."

ನಾನು ಗಿಟಾರನ್ನು ಕಿತ್ತುಕೊಂಡೆ. ಒಳಗೆ ನೋಡಿದೆ. ಬಿಳಿಯಾಗಿದ್ದ ಮರ ಬೆಲ್ಲದ ಬಣ್ಣಕ್ಕೆ ತಿರುಗಿ ಒದ್ದೆಯಾಗಿ ಮಿನುಗುತ್ತಿತ್ತು. ಬೆನ್ನನ್ನು ಕುಟ್ಟಿದರೆ ಒದ್ದೆ ಹಲಗೆಯ ಶಬ್ದ. ಅವರ ಮುಖದ ಎದುರಿಗೇ ನಿಂತು, ಕೂಗದೆ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದೆ: "ನೀವೊಬ್ಬರು ಕಿವುಡರಾದದ್ದು ಸಾಲಲಿಲ್ಲವಾ? ಇದನ್ನೂ ಕಿವುಡು ಮಾಡಿದಿರಲ್ಲ!"

"ಆಂ?" ಎಂದರು ಅಪ್ಪ.

ನಮ್ಮ ಮನೆಯ ಕ್ರಮದ ಪ್ರಕಾರ ಈಗ ಎರಡನೆಯ ಸಲ ಹೇಳಬೇಕು. ನಾನು ಬಾಯಿ ತೆರೆಯದಿದ್ದರೆ ಅಮ್ಮ ಹೇಳಬೇಕು. ಬಾಗಿಲಲ್ಲಿ ನಿಂತಿದ್ದ ಅಮ್ಮ ನನ್ನನ್ನೇ ನೋಡುತ್ತಾ, "ನೀನೇ ಹೇಳು ಇನ್ನೊಮ್ಮೆ. ಧೈರ್ಯ ಉಂಟಾ?" ಎಂದಳು.

"ಏನಿಲ್ಲ" ಎಂದು ನಾನು ಕೈಯಾಡಿಸಿದೆ. ಅಪ್ಪ ಬಾಟಲಿಯ ಮುಚ್ಚಳ ಹಾಕಿ, ಪೇಪರಿನ ಮೇಲಿನ ತಂತಿಗಳನ್ನು ತುಳಿಯದೆ ದಾಟಿ, ಕೈ ತೊಳೆಯಲು ಹೋದರು. ಕೇಳಿಸಲಿಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ.

ಮರುದಿನ ಒಂದೂವರೆ ಗಂಟೆ ಕೂತು ತಂತಿಗಳನ್ನು ಮತ್ತೆ ಕಟ್ಟಿದೆ. ನುಡಿಸಿದರೆ ಕಂಬಳಿ ಹೊದ್ದುಕೊಂಡು ಮಾತಾಡಿದ ಹಾಗೆ ಕೇಳಿಸಿತು. ಜೋಡಿ ತಂತಿಗಳ ಆ ಮಿನುಗು ಎಲ್ಲಿಯೂ ಇಲ್ಲ. ಆರೂವರೆಗೆ ಅಪ್ಪ ಬಂದರು, ಗಲ್ಲ ಊರಿದರು, ಕಣ್ಣು ಮುಚ್ಚಿದರು. ನಾನು ಭಜನೆಯ ಹಾಡು ಶುರು ಮಾಡಿದೆ. ಅಪ್ಪ ತಾಳಕ್ಕೆ ಸರಿಯಾಗಿ ತಲೆಯಾಡಿಸತೊಡಗಿದರು. ಸ್ವಲ್ಪವಾದರೂ ಉಳಿದಿದೆಯಲ್ಲ ಎಂದು ನನಗೆ ಜೀವ ಬಂದಂತಾಯಿತು.

ಆಗ ಒಂದು ಸೊಳ್ಳೆ ಹೊಡೆಯಲೆಂದು ಬಲಗೈ ಎತ್ತಿದೆ. ಹಾಡು ನಿಂತಿತು. ಅಪ್ಪನ ತಲೆ ನಿಲ್ಲಲಿಲ್ಲ. ನಾನು ಎತ್ತಿದ ಕೈಯನ್ನು ಹಾಗೇ ಹಿಡಿದೆ. ಒಂದು ಸಾಲು ಹೋಯಿತು, ಇನ್ನೊಂದು ಸಾಲು ಹೋಯಿತು. ಅಪ್ಪ ಕಣ್ಣು ಮುಚ್ಚಿ, ಇಲ್ಲದ ಹಾಡಿಗೆ, ಅದೇ ಲಯದಲ್ಲಿ ತಲೆಯಾಡಿಸುತ್ತಲೇ ಇದ್ದರು. ಮಂದಿರದ ಹುಡುಗರು ಕಂಡದ್ದು ಇದನ್ನೇ ಎಂದು ನನಗೆ ಗೊತ್ತಾಯಿತು. ಅವರು ನಕ್ಕರು, ನನಗೆ ಅಳು ಬಂತು. ಆವತ್ತು ಅಪ್ಪನಿಗೆ ಹಾಡು ಇನ್ನೂ ನಡೆಯುತ್ತಿದೆ ಎಂಬ ಭ್ರಮೆಯಾದರೂ ಇತ್ತು. ಇವತ್ತು ಏನೂ ಕೇಳುತ್ತಿಲ್ಲವೆಂದು ಗೊತ್ತಿದ್ದೇ, ನನಗೋಸ್ಕರ ತಲೆಯಾಡಿಸುತ್ತಿದ್ದರು.

ಸ್ವಲ್ಪ ಹೊತ್ತಿನ ಮೇಲೆ ಕಣ್ಣು ಬಿಟ್ಟು, "ಚೆಂದ ಆಯಿತು. ಎಣ್ಣೆ ಹಾಕಿದ್ದಕ್ಕೆ ಏನೂ ಆಗಲಿಲ್ಲ, ಅಲ್ವಾ?" ಎಂದರು.

"ಇಲ್ಲ, ಏನೂ ಆಗಲಿಲ್ಲ" ಎಂದೆ. ಎರಡು ಸಲ ಹೇಳಿದೆ.

ಭಾನುವಾರ ಗಿಟಾರನ್ನು ಹೊತ್ತುಕೊಂಡು ಒಬ್ಬಳೇ ಕುಕ್ಕುಂದೂರಿಗೆ ಹೋದೆ. ಚೀಲದ ಜಿಪ್ಪು ಎಳೆದದ್ದೇ ರೇಮಂಡ್ ಅಂಕಲ್ ಮೂಗು ಮುಚ್ಚಿಕೊಂಡು, "ಇದು ಗಿಟಾರಾ, ಮೀನಿನ ಬುಟ್ಟಿಯಾ?" ಎಂದು ನಕ್ಕರು. ಸಣ್ಣ ಕನ್ನಡಿ ಒಳಗೆ ಹಾಕಿ ದೀಪ ಹಿಡಿದು ನೋಡಿದ ಮೇಲೆ ನಗಲಿಲ್ಲ.

"ಮೇಲಿನ ಹಲಗೆ ಇಷ್ಟು ತೆಳು ಇಡುವುದು ಅದು ನಡುಗಲಿ ಎಂದು. ಎಣ್ಣೆ ಕುಡಿದ ಹಲಗೆ ನಡುಗುವುದಿಲ್ಲ, ನಿದ್ದೆ ಮಾಡುತ್ತದೆ. ನಾನು ಆವತ್ತೇ ಹೇಳಿದ್ದೆನಲ್ಲ?"

"ನೀವು ಹೇಳಿದ್ದಿರಿ ಅಂಕಲ್. ನಾನು ಅಪ್ಪನಿಗೆ ಹೇಳಲಿಲ್ಲ."

ಅವರು ಗೋಡೆಯ ಕಡೆ ಕೈ ತೋರಿಸಿದರು. ಕಪ್ಪು ಗಿಟಾರು ಇನ್ನೂ ಅಲ್ಲೇ ತೂಗುತ್ತಿತ್ತು. "ಅದನ್ನು ತೆಗೆದುಕೊಂಡು ಹೋಗು. ಇದನ್ನು ನಾನು ಬಿಡಿಭಾಗಕ್ಕೆ ಇಟ್ಟುಕೊಳ್ಳುತ್ತೇನೆ. ನಿನಗೂ ಮೊದಲು ಅದೇ ಮನಸ್ಸಿಗೆ ಬಂದದ್ದಲ್ವಾ?"

ಬಂದದ್ದು ಹೌದು. ಆದರೆ ಅಪ್ಪ ಅದರ ಬೆನ್ನು ಕುಟ್ಟಿ ಬೇಡವೆಂದು ತಲೆಯಾಡಿಸಿದ್ದರು. ಅವರು ಹುಡುಕಿ ತೆಗೆದದ್ದು ಈ ಸಾದಾ ಮರವನ್ನು. ಅದನ್ನು ಇಲ್ಲಿ ಬಿಟ್ಟು ಹೊಳೆಯುವುದನ್ನು ಮನೆ ಹೊಕ್ಕಿಸಿದರೆ, ನಿಮ್ಮ ಕೈ ತಾಗಿದ್ದು ನನಗೆ ಬೇಡ ಎಂದು ಹೇಳಿದ ಹಾಗಾಗುತ್ತದೆ. ಒಮ್ಮೆ ಹೇಳಿದ್ದೇ ಹೆಚ್ಚಾಗಿತ್ತು.

"ನನಗೆ ಇದೇ ಬೇಕು" ಎಂದೆ.

"ಹಾಗಾದರೆ ಚೌತಿ ಕಳೆಯಲಿ. ಹಿಂದಿನ ಹಲಗೆ ಬಿಚ್ಚಬೇಕು, ಒಳಗೆಲ್ಲ ಕೆರೆಯಬೇಕು, ಸೀಮೆಸುಣ್ಣದ ಪುಡಿ ಹಾಕಿ ಎಣ್ಣೆ ಎಳೆಸಬೇಕು. ಮುಕ್ಕಾಲು ಶಬ್ದ ಬಂದರೆ ಬಂತು. ಪೂರ್ತಿ ಬರುವುದಿಲ್ಲ, ಈಗಲೇ ಹೇಳುತ್ತೇನೆ."

ಮಳೆಗಾಲ ಪೂರ್ತಿ ಜಗಲಿಯಲ್ಲಿ ಎರಡು ಕುರ್ಚಿಗಳು ಖಾಲಿ ಇದ್ದವು. ಗಿಟಾರು ಎಲ್ಲಿ ಎಂದು ಅಪ್ಪ ಒಮ್ಮೆಯೂ ಕೇಳಲಿಲ್ಲ. ಇನ್ನೊಂದು ಬದಲಾವಣೆಯನ್ನು ಮೊದಲು ಗಮನಿಸಿದ್ದು ಅಮ್ಮ. "ನಿನ್ನ ಅಪ್ಪ ಈಗ ಆಂ ಎನ್ನುವುದನ್ನೇ ಬಿಟ್ಟಿದ್ದಾರೆ. ಹೇಳಿದ್ದು ಕೇಳದಿದ್ದರೆ ಕೇಳದ ಹಾಗೇ ಎದ್ದು ಹೋಗುತ್ತಾರೆ" ಎಂದಳು.

ಚೌತಿಯ ನಂತರ ಗಿಟಾರು ಬಂತು. ರೇಮಂಡ್ ಅಂಕಲ್ ಹೇಳಿದ ಮುಕ್ಕಾಲಿಗಿಂತ ಸ್ವಲ್ಪ ಹೆಚ್ಚೇ ಬಂದಿತ್ತು. ಮಿನುಗು ಕಡಿಮೆ, ಆದರೆ ಮರ ಎಚ್ಚರವಾಗಿತ್ತು. ದಪ್ಪ ತಂತಿ ಮುಟ್ಟಿದರೆ ನನ್ನ ಪಕ್ಕೆಯವರೆಗೂ ನಡುಕ ಬರುತ್ತಿತ್ತು. ಮೂಗು ಹತ್ತಿರ ತಂದರೆ ಬೂತಾಯಿಯೂ ಇತ್ತು. ಭಾನುವಾರ ಬೆಳಿಗ್ಗೆ ಜಗಲಿಯಲ್ಲಿ ಕೂತು ಶ್ರುತಿ ಮಾಡಿ ಅಪ್ಪನನ್ನು ಕೈಬೀಸಿ ಕರೆದೆ. ಅವರು ಬಂದರು, ಆದರೆ ಕುರ್ಚಿಯನ್ನು ಎಳೆಯಲಿಲ್ಲ. ನಾಲ್ಕು ಮಾರು ದೂರದಲ್ಲೇ ಕೂತರು.

"ಇಲ್ಲಿ ಬನ್ನಿ" ಎಂದೆ. ಗಿಟಾರಿನ ಭುಜ ತಟ್ಟಿ ತೋರಿಸಿದೆ.

"ಬೇಡ ಮಗಾ. ಮತ್ತೆ ಹಾಳಾದರೆ? ನನ್ನದು ಎಣ್ಣೆ ಕೈ" ಎಂದರು. ಎರಡೂ ಅಂಗೈಗಳನ್ನು ಲುಂಗಿಗೆ ಒರೆಸಿಕೊಂಡು, "ಇಲ್ಲಿಂದ ಕಾಣುತ್ತದೆ, ನೀನು ಬಾರಿಸು" ಎಂದು ನಕ್ಕರು. ನಾನು ಬಾರಿಸಲಿಲ್ಲ. ಅವರು ಸ್ವಲ್ಪ ಹೊತ್ತು ಕಾದು ತೆಂಗಿನ ಬುಡಕ್ಕೆ ನೀರು ಬಿಡಲು ಎದ್ದು ಹೋದರು.

ಅಡುಗೆಮನೆಗೆ ಹೋಗಿ ಅಮ್ಮನ ಹತ್ತಿರ ಸಿಡುಕಿದೆ. "ಇಷ್ಟೆಲ್ಲ ಮಾಡಿಸಿ ತಂದರೂ ಅಪ್ಪನದ್ದು ಎಂತ ಹಟ?"

ಅಮ್ಮ ಮೀನು ಕೊಯ್ಯುತ್ತಿದ್ದಳು. ಕತ್ತಿಯಿಂದ ಕೈ ತೆಗೆದು ನನ್ನ ಕಡೆ ತಿರುಗಿದಳು. "ಎಂಜಿನಿನ ಹತ್ತಿರ ಮಾತು ಕೇಳುತ್ತದಾ ಹರ್ಷಿಣಿ? ಬೋಟಿನಲ್ಲಿ ಮೂವತ್ತು ವರ್ಷ ನಿನ್ನ ಅಪ್ಪ ಜನರ ಬಾಯಿ ನೋಡಿಯೇ ಮಾತು ತಿಳಿದದ್ದು. ನಾವು ಒಲೆಯ ಹತ್ತಿರದಿಂದ, ಬಾಗಿಲಿನ ಆಚೆಯಿಂದ ಹೇಳುತ್ತೇವೆ, ಅದಕ್ಕೆ ಎರಡು ಸಲ ಹೇಳಬೇಕಾಗುತ್ತದೆ. ನೀನು ಆವತ್ತು ಅವರ ಮುಖದ ಎದುರೇ ನಿಂತು ಹೇಳಿದ್ದಿ."

ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ ಇದು. ನನಗೆ ಅನುಕೂಲವಾಗುವಾಗ ಮರೆತಿದ್ದೆ, ಅಷ್ಟೇ.

"ಹಾಗಾದರೆ ಆಂ ಎಂದು ಕೇಳಿದ್ದು ಯಾಕೆ?"

"ನೀನು ಬೇರೆ ಎಂತಾದರೂ ಹೇಳುತ್ತೀಯೋ ಎಂದು" ಎಂದಳು ಅಮ್ಮ. "ನೀನು ಏನಿಲ್ಲ ಎಂದೆ."

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಎಂದು ನಾನೇ ಎಷ್ಟೋ ಜನರಿಗೆ ಬುದ್ಧಿ ಹೇಳಿದ್ದೇನೆ. ಇಡೀ ಮಳೆಗಾಲ ಅಪ್ಪ ಆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು, ನನ್ನ ಟಿಫಿನ್ ಡಬ್ಬಿಯನ್ನು ಬಸ್‌ಸ್ಟಾಪಿನವರೆಗೆ ಹಿಡಿದುಕೊಂಡು ಬಂದಿದ್ದರು.

ಹೊರಗೆ ಹೋಗಿ ಅವರ ಕೈಯಿಂದ ಪೈಪು ತೆಗೆದು ಕೆಳಗಿಟ್ಟೆ. ಎದುರು ನಿಂತೆ. ಅವರಿಗೆ ಬಾಯಿ ಕಾಣಲಿ ಎಂದು ಕೂದಲು ಹಿಂದೆ ಸರಿಸಿದೆ. ಗಟ್ಟಿಯಾಗಿ, ಇಡೀ ಕೇರಿಗೆ ಕೇಳುವ ಹಾಗೆ ಹೇಳಿದೆ.

"ಅಪ್ಪಾ, ನಾನು ಆವತ್ತು ನೀವು ಕಿವುಡರು, ಗಿಟಾರನ್ನೂ ಕಿವುಡು ಮಾಡಿದಿರಿ ಎಂದು ಹೇಳಿದೆ. ನೀವು ಆಂ ಎಂದಾಗ ಏನಿಲ್ಲ ಎಂದೆ. ಅದು ಸುಳ್ಳು. ಎಣ್ಣೆ ಹಾಕಿದ್ದು ನಿಮ್ಮ ತಪ್ಪಲ್ಲ. ಒಳಗೆ ಯಾಕೆ ಏನೂ ಹಾಕಿಲ್ಲ ಎಂದು ನೀವು ಅಂಗಡಿಯಲ್ಲೇ ಕೇಳಿದ್ದಿರಿ. ರೇಮಂಡ್ ಅಂಕಲ್ ಉತ್ತರ ಹೇಳಿದ್ದರು. ಒಳಗಿನ ಮರಕ್ಕೆ ಏನೂ ಹಾಕಬಾರದು, ಹಾಕಿದರೆ ಶಬ್ದ ಸಾಯುತ್ತದೆ ಎಂದಿದ್ದರು. ನಾನು ನಿಮಗೆ ಹೇಳಲಿಲ್ಲ."

ಆಚೆ ಮನೆಯ ಹೊಲಿಗೆ ಮಿಶಿನಿನ ಶಬ್ದ ನಿಂತಿತು. ಅಪ್ಪ ನನ್ನ ಬಾಯಿಯಿಂದ ಕಣ್ಣು ತೆಗೆಯಲಿಲ್ಲ.

"ಆವತ್ತೇ ಹೇಳಿದ್ದನಾ ರೇಮಂಡ್?"

"ಹೌದು."

"ಹಾಕಬಾರದು ಅಂತ?"

"ಹೌದು ಅಪ್ಪ."

ಅವರು ಬಗ್ಗಿ ಪೈಪು ಎತ್ತಿಕೊಂಡರು. ನೀರು ಬೇರೆ ಕಡೆ ಹರಿದು ಸಣ್ಣ ಕೆಸರಾಗಿತ್ತು. "ಹೇಳಿದ್ದರೆ ನಾನು ಹಾಕುತ್ತಿರಲಿಲ್ಲ ಮಾರಾಯ್ತಿ" ಎಂದರು. "ನಾನು ಅಷ್ಟು ಪ್ರೀತಿಯಿಂದ ಹಾಕಿದೆ." ಪೈಪು ಹಿಡಿದು ಮುಂದಿನ ತೆಂಗಿನ ಬುಡಕ್ಕೆ ಹೋದರು.

ಕ್ಷಮಿಸಿದರೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಸೋಮವಾರ ಸಂಜೆ ನಾನು ನುಡಿಸುವಾಗ ಅವರು ಕಡಲಿನ ಕಡೆ ಹೋಗಿದ್ದರು. ಮಂಗಳವಾರ ಜಗಲಿಗೆ ಬಂದರು, ದೂರದ ಕುರ್ಚಿಯಲ್ಲಿ ಕೂತು ಪೇಪರು ಓದಿದರು. ನಾನು ಕರೆಯಲಿಲ್ಲ. ಕರೆಯುವ ಹಕ್ಕು ನನಗಿದೆ ಎಂದು ಅನ್ನಿಸಲಿಲ್ಲ.

ಬುಧವಾರ ನಾನು ಭಜನೆಯ ಹಾಡನ್ನು ನುಡಿಸುತ್ತಿದ್ದೆ. ಅಂಗಳದ ನಲ್ಲಿಯ ಹತ್ತಿರ ಅಪ್ಪ ಸಾಬೂನು ಹಾಕಿ ಕೈ ತೊಳೆಯುವುದು ಕಾಣಿಸಿತು. ಗಲ್ಲವನ್ನೂ ತೊಳೆದರು. ಬೈರಾಸಿನಿಂದ ಎರಡು ಸಲ ಒರೆಸಿಕೊಂಡರು. ಕುರ್ಚಿ ಎಳೆಯುವ ಶಬ್ದಕ್ಕೆ ನನ್ನ ಬೆರಳು ತಪ್ಪಿತು, ಆದರೂ ನಿಲ್ಲಿಸಲಿಲ್ಲ. ಗಿಟಾರಿನ ಭುಜದ ಮೇಲೆ ಅವರ ಗಲ್ಲದ ಭಾರ ಬಂತು. ಈ ಸಲ ಕಣ್ಣು ಮುಚ್ಚಲಿಲ್ಲ, ತಲೆಯಾಡಿಸಲೂ ಇಲ್ಲ. ಒಂದು ಸಾಲು ಮುಗಿಯಿತು. ಎರಡನೆಯ ಸಾಲಿನ ನಡುವೆ ಅಪ್ಪ ಕೈ ಎತ್ತಿದರು.

"ನಿಲ್ಲಿಸು" ಎಂದರು. "ಸರಿ ಇಲ್ಲ."

ನಾನು ಅವರ ಮುಖ ನೋಡಿದೆ.

"ಒಂದು ತಂತಿ ಅದರ ಜೊತೆಯದ್ದನ್ನು ಬಿಟ್ಟು ಹೋಗುತ್ತಾ ಉಂಟು. ನಡುವಿನಲ್ಲಿ ಎಲ್ಲಿಯೋ. ನೋಡು."

ನನಗೆ ಹಾಗೇನೂ ಅನ್ನಿಸಿರಲಿಲ್ಲ. ಆದರೂ ಒಂದೊಂದೇ ಜೋಡಿಯನ್ನು ಬಿಡಿಸಿ ಕೇಳುತ್ತಾ ಬಂದೆ. ಮೊದಲನೆಯದ್ದು ಸರಿ ಇತ್ತು. ಎರಡನೆಯದ್ದೂ ಸರಿ ಇತ್ತು. ಮೂರನೆಯ ಜೋಡಿಯ ಸಪೂರ ತಂತಿ ಒಂದು ಕೂದಲೆಳೆಯಷ್ಟು ಕೆಳಗಿಳಿದಿತ್ತು. ನನ್ನ ಕಿವಿಗೆ ಸಿಗದ್ದು ಅಪ್ಪನ ಗಲ್ಲಕ್ಕೆ ಸಿಕ್ಕಿತ್ತು. ಕೀ ತಿರುಗಿಸಿದೆ.

"ಇನ್ನೂ ಸ್ವಲ್ಪ" ಎಂದರು ಅಪ್ಪ. ಇನ್ನೂ ಸ್ವಲ್ಪ ತಿರುಗಿಸಿದೆ. "ಹಾಂ. ಈಗ ಎರಡೂ ಒಟ್ಟಿಗೆ ಉಂಟು."

ನನ್ನ ಕಣ್ಣಿನಿಂದ ನೀರು ಇಳಿದು ಗಿಟಾರಿನ ಮೇಲೆ ಬಿತ್ತು. ಬೈಸಿಕೊಂಡು ನಾನು ಅಷ್ಟು ಸುಖಪಟ್ಟದ್ದು ಜೀವಮಾನದಲ್ಲಿ ಅದೇ ಮೊದಲು. ಅಪ್ಪ ಬೈರಾಸಿನ ತುದಿಯಿಂದ ಆ ಹನಿಯನ್ನು ಒರೆಸಿ, ಗಲ್ಲವನ್ನು ಮತ್ತೆ ಅದೇ ಜಾಗಕ್ಕೆ ತಂದರು.

"ಮೊದಲಿಂದ ಬಾರಿಸು" ಎಂದರು. "ಆಗಿನದ್ದು ಲೆಕ್ಕಕ್ಕಿಲ್ಲ."